ದಪ್ಪ ಕಾದಂಬರಿಯೂ ವಿಮರ್ಶಕರ ಗಡುವೂ

ದಪ್ಪ ಕಾದಂಬರಿಯ ವಿಮರ್ಶೆ ಕಣ್ಣಿಗೆ ಬಿದ್ದರೆ ನನಗೆ ಮೊದಲು ಬರುವ ಸಂಶಯ ಒಂದೇ: ಇವರು ಪುಸ್ತಕವನ್ನು ಪೂರ್ತಿ ಓದಿದ್ದಾರೆಯೇ? ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆದರೆ ಉದಾಹರಣೆಗಳೆಲ್ಲ ಮೊದಲ ನೂರು ಪುಟಗಳವೇ ಆಗಿದ್ದು, ಆಮೇಲೆ ‘ಒಟ್ಟಾರೆಯಾಗಿ’ ಅಂತ ಶುರುವಾದರೆ ಗುಮಾನಿ ಹುಟ್ಟುತ್ತದೆ. ‘ಬಹುಸ್ತರೀಯ ಕಥನ’ ಅಂದರೆ ಗುಮಾನಿ ಖಾತ್ರಿಯಾಗುತ್ತದೆ.

ಈ ಚಾಳಿ ನನಗೆ ಅಂಟಿದ್ದು ಅಮೆರಿಕದ ಡೇವಿಡ್ ಫಾಸ್ಟರ್ ವಾಲೆಸ್ ಬರೆದ ‘ಇನ್‌ಫಿನಿಟ್ ಜೆಸ್ಟ್’ನಿಂದ. 1996ರಲ್ಲಿ ಬಂದ ಕಾದಂಬರಿ, 1079 ಪುಟ. ಕೊನೆಯ ನೂರರಷ್ಟು ಪುಟ ಬರೀ ಟಿಪ್ಪಣಿ, ಒಟ್ಟು 388. ಕೆಲವು ಟಿಪ್ಪಣಿಗಳಿಗೆ ಮತ್ತೆ ಟಿಪ್ಪಣಿ. ಒಂದರಲ್ಲಂತೂ ಪುಟಗಟ್ಟಲೆ ಸಿನಿಮಾ ಪಟ್ಟಿ. ಎಲ್ಲ ಕಾದಂಬರಿಯೊಳಗಿನ ಒಬ್ಬ ಪಾತ್ರ ತೆಗೆದ ಸಿನಿಮಾಗಳು! ಹೀಗಾಗಿ ಕಥೆಯ ಪುಟಕ್ಕೊಂದು ಬಸ್ ಟಿಕೆಟ್, ಟಿಪ್ಪಣಿಯ ಪುಟಕ್ಕೊಂದು ಮದುವೆ ಕರೆಯೋಲೆ ಸಿಕ್ಕಿಸಿಕೊಂಡು ಓಡಾಡಬೇಕು. ಕಾಲವನ್ನಾದರೂ ಹಿಡಿಯೋಣವೆಂದರೆ, ಅಲ್ಲಿನ ಸರ್ಕಾರ ವರ್ಷಗಳ ಹೆಸರನ್ನೇ ಕಂಪನಿಗಳಿಗೆ ಮಾರಿಕೊಂಡಿದೆ. ಬಹುಪಾಲು ಕಥೆ ನಡೆಯುವ ವರ್ಷಕ್ಕೆ ದೊಡ್ಡವರು ತೊಡುವ ಡೈಪರಿನ ಹೆಸರು. ನಮ್ಮ ಪ್ರಭವ, ವಿಭವಗಳ ಗಾಂಭೀರ್ಯ ಎಲ್ಲಿ, ಇದೆಲ್ಲಿ!

“ಕಥೆ ಏನ್ರೀ?” ಎಂದಳು ಮನೆಯಾಕೆ.

“ಒಂದು ಸಿನಿಮಾ ಇದೆ. ನೋಡೋಕೆ ಕೂತವರು ಏಳೋದೇ ಇಲ್ಲ. ಅನ್ನ ನೀರು ಬಿಟ್ಟು ನೋಡ್ತಾನೇ ಸಾಯ್ತಾರೆ, ಅಷ್ಟು ಮಜಾ.”

“ಮತ್ತೆ ನೀವ್ಯಾಕೆ ಎರಡು ಪುಟಕ್ಕೊಂದ್ಸಲ ಏಳ್ತೀರಿ?”

ಕಾದಂಬರಿಯ ಮರ್ಮಕ್ಕೆ ಇಷ್ಟು ಸಲೀಸಾಗಿ ಕೈಹಾಕಿದ ವಿಮರ್ಶೆಯನ್ನು ನಾನು ಓದಿಲ್ಲ. ಕೂತವರನ್ನು ಕೊಲ್ಲುವ ರಂಜನೆಯ ಬಗ್ಗೆ ಬರೆಯುವವನು ತಾನೇ ಗಟಗಟ ಓದಿಸಿಕೊಂಡು ಹೋದರೆ ಅವನ ಪುಸ್ತಕವೇ ಆ ಸಿನಿಮಾ ಆಗಿಬಿಡುತ್ತದೆ. ಟಿಪ್ಪಣಿ ಇರುವುದೇ ನಮ್ಮನ್ನು ಎಬ್ಬಿಸಲಿಕ್ಕೆ. ಆದರೂ 388 ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ.

ನಾನು ಬೇಕಾದಾಗ ಎದ್ದು ಕಾಫಿ ಕುಡಿದು ಬರಬಹುದು. ವಿಮರ್ಶಕರಿಗೆ ಆ ಭಾಗ್ಯವಿಲ್ಲ. ತಲೆಯ ಮೇಲೆ ಪತ್ರಿಕೆಯ ಗಡುವು. ಕೈಗೆ ಎಣ್ಣೆ ಸವರಿಕೊಳ್ಳುವಷ್ಟೂ ವ್ಯವಧಾನವಿಲ್ಲದೆ ಹಲಸಿನ ಹಣ್ಣು ಬಿಡಿಸಲು ಕೂತರೆ ತೊಳೆಗಿಂತ ಮೇಣವೇ ಹೆಚ್ಚು ಸಿಗುತ್ತದೆ. ‘ಇನ್‌ಫಿನಿಟ್ ಜೆಸ್ಟ್’ ಬಂದಾಗ ವಿಮರ್ಶಕ ಡೇಲ್ ಪೆಕ್ ‘ಲಂಡನ್ ರಿವ್ಯೂ ಆಫ್ ಬುಕ್ಸ್’ನಲ್ಲಿ ಅದನ್ನು ಹಿಗ್ಗಾಮುಗ್ಗಾ ಜಾಡಿಸಿದರು. ಲೇಖಕ ಡೇವ್ ಎಗರ್ಸ್ ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ನಲ್ಲಿ ಇದೇನು ಮಿತಿಮೀರಿದ ಮಾತು ಎಂದು ಗೊಣಗಿದರು. 2006ರಲ್ಲಿ ಹತ್ತನೇ ವರ್ಷದ ಮುದ್ರಣ ಬಂದಾಗ ಮುನ್ನುಡಿ ಬರೆದು ಬಾಯ್ತುಂಬ ಹೊಗಳಿದವರು ಯಾರು? ಅದೇ ಎಗರ್ಸ್! ಪಲ್ಟಿ ಹೊಡೆದರೆಂದು ನಗುವವರು ನಗಲಿ. ನನಗೇನೋ ಎರಡರಲ್ಲಿ ಮುನ್ನುಡಿಯ ಮೇಲೇ ಹೆಚ್ಚು ನಂಬಿಕೆ. ಪುಸ್ತಕ ಅರಗಲು ಹತ್ತು ವರ್ಷ ಸಿಕ್ಕಿತ್ತಲ್ಲ!

ಇಷ್ಟಕ್ಕೂ ಇದನ್ನು ‘ಪೂರ್ತಿ ಓದುವುದು’ ಸುಲಭವಲ್ಲ. ಕಾಲದ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡೆಗೆ ನಡೆಯುವುದು ಮೊದಲ ಅಧ್ಯಾಯ. ಕೊನೆಯ ಪುಟ ತಲುಪಿದವರು ಏನಾಯಿತೆಂದು ತಿಳಿಯಲು ಮತ್ತೆ ಮೊದಲಿಗೇ ಹೋಗಬೇಕು. ಗಡುವಿನ ಮನುಷ್ಯ ಹೋದಾನೆಯೇ?

ಆದ್ದರಿಂದ ಪತ್ರಿಕಾ ಸಂಪಾದಕರಲ್ಲಿ ಒಂದು ಕೋರಿಕೆ. ದಪ್ಪ ಕಾದಂಬರಿಗಳ ವಿಮರ್ಶೆಯ ಕೆಳಗೆ, ಪುಸ್ತಕ ವಿಮರ್ಶಕರ ಕೈಸೇರಿದ ತಾರೀಖು ಮತ್ತು ಲೇಖನ ನಿಮ್ಮ ಕೈಸೇರಿದ ತಾರೀಖು, ಎರಡನ್ನೂ ದಯವಿಟ್ಟು ಅಚ್ಚು ಹಾಕಿಸಿ. ದಿನಕ್ಕೆ ಎಷ್ಟು ಪುಟ ಬಿತ್ತೆಂದು ಭಾಗಿಸಿಕೊಳ್ಳುವುದು ನಮಗೆ ಬಿಟ್ಟದ್ದು.