ಸಲಹಾ ಸಭಾಲಕ್ಷಣಂ

ಉದ್ಯಾನ, ವಿನೋದ ಮತ್ತು ಕಲೆಗಳ ಪರಿಪಾಲನೆಗೆಂದು ಊರೂರಲ್ಲಿ ಅವತರಿಸುವ ಸಮಿತಿಗಳನ್ನು ಕುರಿತ ಶಾಸ್ತ್ರೀಯ ವಿವೇಚನೆ

ಯಾವ ಶಾಸ್ತ್ರಗ್ರಂಥಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯ ಇರಲೇಬೇಕೆಂದು ಪೂರ್ವಸೂರಿಗಳು ವಿಧಿಸಿದ್ದಾರೆ. ಪ್ರಕೃತ ಗ್ರಂಥಕ್ಕೆ ವಿಷಯ: ಸಲಹಾ ಸಮಿತಿ. ಪ್ರಯೋಜನ: ಈವರೆಗೆ ಕಂಡುಬಂದಿಲ್ಲ, ಹುಡುಕಲು ಉಪಸಮಿತಿ ರಚಿಸಲಾಗಿದೆ. ಸಂಬಂಧ: ಬಹುಪಾಲು ಸದಸ್ಯರಿಗೂ ಅಧ್ಯಕ್ಷರಿಗೂ ಇದ್ದೇ ಇದೆ. ಅಧಿಕಾರಿ: ರಜೆಯಲ್ಲಿದ್ದಾರೆ.

ಅಧ್ಯಾಯ ಒಂದು: ಲಕ್ಷಣ

ಉದ್ಯಾನಾಭಾವದಿಂದ ಅವಚ್ಛಿನ್ನವಾದ ಉದ್ಯಾನಚಿಂತನತ್ವವೇ ಸಮಿತಿತ್ವ. ಪಾರ್ಕಿಲ್ಲದ ಕಡೆ ಪಾರ್ಕನ್ನು ಚಿಂತಿಸುತ್ತ ಕೂರುವುದು ಸಮಿತಿ ಎಂದು ಸುಲಭ ಭಾಷೆಯಲ್ಲಿ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಗೌರವಧನ ಮಂಜೂರಾಗುವುದಿಲ್ಲ. ಇಲ್ಲಿ ಪೂರ್ವಪಕ್ಷಿ ಎದ್ದು, ‘ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ, ಪಾರ್ಕಿಲ್ಲದ ಊರಲ್ಲಿ ಪಾರ್ಕ್ ಬೇಕೆಂದು ಅಳುವ ಮಗುವೂ ಸಮಿತಿಯಾಗಿಬಿಡುತ್ತದೆ’ ಎನ್ನುತ್ತಾನೆ. ಆಗುವುದಿಲ್ಲ. ಮಗುವಿಗೆ ಪ್ರಯಾಣಭತ್ಯೆ ಇಲ್ಲ.

ಸಮಿತಿಯ ಸ್ವರೂಪವನ್ನು ಅರಿಯಲು ಅದರ ಪರಿಭಾಷೆಯನ್ನು ಅರಿಯಬೇಕು. ‘ಸಮಗ್ರ’ ಎಂದರೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದ್ದು. ‘ಸುಸ್ಥಿರ’ ಎಂದರೆ ಇದ್ದಲ್ಲಿಯೇ ಇರುವಂಥದ್ದು. ‘ಬಹುಆಯಾಮದ ಪರಿಪ್ರೇಕ್ಷ್ಯದಲ್ಲಿ ಸಹಭಾಗಿತ್ವದ ಅನುಸಂಧಾನ’ ಎಂದರೆ ಊಟದ ವ್ಯವಸ್ಥೆ ಇದೆ ಎಂದರ್ಥ. ‘ಸೌಂದರ್ಯೀಕರಣ’ ಎಂಬುದೊಂದು ಮಹಾಪದ. ಇದ್ದ ಹುಲ್ಲನ್ನು ಕೆರೆದು ತೆಗೆದು, ಇಂಟರ್‌ಲಾಕ್ ಹಾಸಿ, ಅಂಚಿಗೆ ಸುಣ್ಣ ಬಳಿದು, ಉದ್ಘಾಟಕರ ಹೆಸರನ್ನು ಕಲ್ಲಿನಲ್ಲಿ ಕೊರೆಸುವ ಕ್ರಿಯಾಸಮುಚ್ಚಯ ಅದು. ನಮ್ಮ ಕಡೆಯ ಊರೊಂದರಲ್ಲಿ ಕುಳಿತ ಮಗುವಿಗಿಂತ ಶಿಲಾಫಲಕವೇ ಎತ್ತರವಾಗಿದ್ದ ಪಾರ್ಕನ್ನು ನಾನು ಕಂಡಿದ್ದೇನೆ. ಗೇಟಿಗೆ ಬೀಗ. ಬೀಗದ ಕೈ ಯಾರಲ್ಲಿದೆಯೆಂದು ಕೇಳಿದರೆ, ಅದು ನಿರ್ವಹಣಾ ಉಪಸಮಿತಿಯ ವ್ಯಾಪ್ತಿಗೆ ಬರುತ್ತದೆ ಎಂಬ ಉತ್ತರ.

ಅಧ್ಯಾಯ ಎರಡು: ಪೂರ್ವರಂಗ

ಬಡಗುತಿಟ್ಟಿನ ಯಕ್ಷಗಾನದ ಆಟಕ್ಕೆ ಸಭಾಲಕ್ಷಣ ಎಂಬ ಪೂರ್ವರಂಗವಿದೆಯಷ್ಟೆ. ಚೌಕಿಯಲ್ಲಿ ಗಣಪತಿ ಪೂಜೆ, ಆಮೇಲೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಬಳಿಕ ಒಡ್ಡೋಲಗ, ಅದಾದ ಮೇಲೆ ಪ್ರಸಂಗ. ಸಮಿತಿಯ ಸಭೆಯೂ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಚೌಕಿಯಲ್ಲಿ ಚಾ, ಅಂಬಡೆ. ಪ್ರಾರ್ಥನೆಗೆ ಶಾಲೆಯ ಇಬ್ಬರು ಮಕ್ಕಳು, ತರಗತಿ ತಪ್ಪಿಸಿ. ಸ್ವಾಗತಕ್ಕೆ ನಿಂತವರು ಯಾವ ವೇಷವೆಂದು ನಾನು ಬಿಡಿಸಿ ಹೇಳುವುದಿಲ್ಲ. ಒಡ್ಡೋಲಗ ಮಾತ್ರ ಬಲು ದೀರ್ಘ: ವೇದಿಕೆ ಹತ್ತಿದ ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಪರಿಚಯ. ಆಟದಲ್ಲಿ ಭಾಗವತರು ಕೊನೆಗೊಮ್ಮೆ ಪ್ರಸಂಗಕ್ಕೆ ಇಳಿಯುತ್ತಾರೆ. ಇಲ್ಲಿ ಒಡ್ಡೋಲಗ ಮುಗಿಯುವಷ್ಟರಲ್ಲಿ ವಂದನಾರ್ಪಣೆ ಬಂದಿರುತ್ತದೆ.

ಅಧ್ಯಾಯ ಮೂರು: ಪ್ರಮಾಣವಿಚಾರ

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ಎರಡು ಅನುಸೂಚಿಗಳನ್ನು ಕೊಟ್ಟವು. ಪಂಚಾಯತ್‌ಗಳಿಗೆ 29 ವಿಷಯಗಳ ಹನ್ನೊಂದನೆಯದು. ಪಟ್ಟಣಗಳಿಗೆ 18 ವಿಷಯಗಳ ಹನ್ನೆರಡನೆಯದು. ಪಟ್ಟಣದ ಪಟ್ಟಿಯ 12ನೆಯ ಬಾಬಿನಲ್ಲಿ ಉದ್ಯಾನ, ತೋಟ, ಆಟದ ಮೈದಾನ ಎಲ್ಲವೂ ಹೆಸರು ಹೇಳಿ ಕೂತಿವೆ. ಹಳ್ಳಿಯ ಪಟ್ಟಿಯಲ್ಲಿ ಮೀನುಗಾರಿಕೆ ಇದೆ, ಮೇವು ಇದೆ, ಗ್ರಂಥಾಲಯ ಇದೆ, 21ನೆಯದಾಗಿ ಸಾಂಸ್ಕೃತಿಕ ಚಟುವಟಿಕೆ, 22ನೆಯದಾಗಿ ಸಂತೆ ಜಾತ್ರೆ. ಉದ್ಯಾನ ಇಲ್ಲ. ಆಟದ ಮೈದಾನವೂ ಇಲ್ಲ.

ಇದರಿಂದ ಫಲಿತವಾಗುವ ಸಿದ್ಧಾಂತ ಗಂಭೀರವಾದುದು. ಕುಂದಾಪುರ ಪುರಸಭೆ; ಬೈಂದೂರು ಪಟ್ಟಣ ಪಂಚಾಯತ್; ಅಲ್ಲಿನ ಮಗು ಉಯ್ಯಾಲೆ ಜೀಕಿದರೆ ಅದು ಸಂವಿಧಾನೋಕ್ತ. ಕೊಲ್ಲೂರು ಗ್ರಾಮ ಪಂಚಾಯತ್. ಇಲ್ಲಿನ ಮಗು ಜೀಕಿದರೆ ‘ಸಮುದಾಯ ಆಸ್ತಿಗಳ ನಿರ್ವಹಣೆ’ ಎಂಬ 29ನೆಯ ಬಾಬಿನ ಬಾಲಕ್ಕೆ ಹೇಗೋ ತೂಗಿಹಾಕಿಕೊಂಡು ಜೀಕಬೇಕು. ಮೂಕಾಂಬಿಕೆಯ ದೇವಸ್ಥಾನಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬಂದುಹೋಗುವ, ಲಾಡ್ಜುಗಳ ಮೇಲೆ ಲಾಡ್ಜು ಎದ್ದಿರುವ ಊರು ಕಾಗದದಲ್ಲಿ ಗ್ರಾಮ. ಗ್ರಾಮವೆಂದ ಮೇಲೆ ಮಕ್ಕಳು ಗದ್ದೆಯಲ್ಲಿ ಆಡಿಕೊಳ್ಳುತ್ತಾರೆ ಎಂಬುದು ಶಾಸನಕಾರರ ಊಹೆ ಇದ್ದಿರಬೇಕು. ಊಹೆ ತಪ್ಪಲ್ಲ. ಗದ್ದೆ ಎಲ್ಲಿ ಹೋಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಪ್ರಮಾಣಾಂತರ: 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯ ಪ್ರಕಾರ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಗೆ ಒಂಬತ್ತು ಜನ. ಅವರಲ್ಲಿ ಇಬ್ಬರು ಮಹಿಳೆಯರು, ಒಬ್ಬರು ಅರ್ಚಕರು, ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಒಬ್ಬರಾದರೂ ಆಸುಪಾಸಿನಲ್ಲಿ ವಾಸಿಸುವವರು ಇರಬೇಕು. ಕಟ್ಟಕಡೆಯ ಈ ಷರತ್ತನ್ನು ಬರೆದ ಪುಣ್ಯಾತ್ಮರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಊರಿನ ಸಮಿತಿಯಲ್ಲಿ ಊರಿನವನೊಬ್ಬ ಇರಲಿ ಎಂದು ಕಾನೂನೇ ಬರೆಯಬೇಕಾಗುತ್ತದೆ ಎಂಬುದನ್ನು ಅವರು ಯಾವ ಸಂಶೋಧನೆಯೂ ಇಲ್ಲದೆ ಅರಿತಿದ್ದರು.

ಅಧ್ಯಾಯ ನಾಲ್ಕು: ಸದಸ್ಯರ ಸಪ್ತವಿಧ ವರ್ಗೀಕರಣ

ಸದಸ್ಯರು ಏಳು ಬಗೆ. ಒಂದು, ಪದನಿಮಿತ್ತ: ಕುರ್ಚಿಯ ದೆಸೆಯಿಂದ ಬಂದವರು, ಕುರ್ಚಿ ಬದಲಾದೊಡನೆ ಇವರ ಕಲಾಭಿರುಚಿಯೂ ವರ್ಗವಾಗುತ್ತದೆ. ಎರಡು, ನಾಮನಿರ್ದೇಶಿತ: ಚುನಾವಣೆಯಲ್ಲಿ ಟಿಕೆಟ್ ತಪ್ಪಿದವರಿಗೆ ಸಂಗೀತ, ನೃತ್ಯ, ಹೂಗಿಡಗಳಲ್ಲಿ ಹುಟ್ಟುವ ಆಕಸ್ಮಿಕ ಆಸಕ್ತಿಯ ಫಲ. ಮೂರು, ವಿಶೇಷ ಆಹ್ವಾನಿತ: ಬೆಂಗಳೂರಿನಿಂದ ಬರುವ ತಜ್ಞ, ವರ್ಷಕ್ಕೆ 4000 ಮಿ.ಮೀ. ಆಚೀಚೆ ಮಳೆ ಹೊಯ್ಯುವ ಸೀಮೆಯಲ್ಲಿ ಲಾನ್ ಹಾಕಬೇಕೆಂದು ಮೇ ತಿಂಗಳಲ್ಲಿ ಸೂಚಿಸಿ ಹೋಗುತ್ತಾರೆ. ಜೂನ್ ಎರಡನೇ ವಾರಕ್ಕೆ ಲಾನ್ ಸಮುದ್ರ ಸೇರುತ್ತದೆ. ಕಡಲ ಗಾಳಿಯ ಉಪ್ಪಿಗೆ ಕಬ್ಬಿಣದ ಜಾರುಬಂಡಿ ತುಕ್ಕು ಹಿಡಿದು, ಮಕ್ಕಳ ಚಡ್ಡಿ ಹರಿಯುವ ಸಾಧನವಾಗಿ ಪರಿಣಮಿಸುತ್ತದೆ. ವ್ಯಾಯಾಮದ ಯಂತ್ರಗಳಲ್ಲಿ ಬಟ್ಟೆ ಒಣಗುತ್ತವೆ, ಅದೊಂದು ಸದುಪಯೋಗ.

ನಾಲ್ಕರಿಂದ ಏಳರವರೆಗಿನ ಬಗೆಗಳನ್ನು ಕೋರಂ ಇಲ್ಲದ ಕಾರಣ ಮುಂದೂಡಲಾಗಿದೆ.

ಅಧ್ಯಾಯ ಐದು: ಗದ್ದೆ

ಕೊಯ್ಲು ಮುಗಿದ ಗದ್ದೆಯೇ ನಮ್ಮ ಕಡೆ ಪಾರ್ಕಾಗಿತ್ತು. ಅದಕ್ಕೆ ಗೇಟಿರಲಿಲ್ಲ, ಆದ್ದರಿಂದ ಯಾವ ಸಮಿತಿಗೂ ಅದು ಪಾರ್ಕೆಂದು ತೋರಲಿಲ್ಲ. ಮಧ್ಯಾಹ್ನ ಅಂಡರ್‌ಆರ್ಮ್ ಕ್ರಿಕೆಟ್, ಸಂಜೆ ವಾಲಿಬಾಲ್, ರಾತ್ರಿ ಅಲ್ಲೇ ನಾಲ್ಕು ಕಂಬ ಹೂತು ರಂಗಸ್ಥಳ. ಕಂಬಳದ ಗದ್ದೆಯಾದರೆ ಕೋಣಗಳ ಓಟಕ್ಕೂ ಅದೇ. ಕೊಲ್ಲೂರಿನ ದಾರಿಯಲ್ಲಿ ಚಿತ್ತೂರಿನ ಬಳಿ ಮಾರಣಕಟ್ಟೆ ಇದೆ, ಬ್ರಹ್ಮಲಿಂಗೇಶ್ವರನ ಸನ್ನಿಧಿ. ಅಲ್ಲಿನ ಮೇಳ, ಮಂದಾರ್ತಿ ಮೇಳ, ಕಮಲಶಿಲೆ ಮೇಳ ಮಳೆ ನಿಂತ ಮೇಲೆ ಹೊರಟರೆ ಮುಂದಿನ ಮಳೆಯ ಹೊಸ್ತಿಲವರೆಗೆ ತಿರುಗಾಟ. ಮಗಳ ಮದುವೆಯಾಗಲಿ, ಕಾಯಿಲೆ ಗುಣವಾಗಲಿ ಎಂದು ಹರಕೆ ಹೊತ್ತವರು ಆಟ ಆಡಿಸುತ್ತಾರೆ. ಮಂದಾರ್ತಿಯ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ಆಡಿಸುವವರ ಖರ್ಚು, ನೋಡುವವರಿಗೆ ಪುಕ್ಕಟೆ. ಕಲೆಗೆ ಪ್ರೋತ್ಸಾಹ ಕೊಡುವುದು ಹೇಗೆಂದು ಯಾರೂ ಇವರಿಗೆ ಸಲಹೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಮೇಳ ಹೊರಡುತ್ತಿರಲಿಲ್ಲ.

ಆಡಳಿತದ ಕೈ ಕಲೆಗೆ ನಿಜವಾಗಿ ತಗಲಿದ್ದು ಬೇರೆ ದಾರಿಯಿಂದ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮದ ನೆರಳಿನಲ್ಲಿ ಬೆಳಗಿನವರೆಗಿನ ಆಟ ಕಾಲಮಿತಿಗೆ ಇಳಿಯತೊಡಗಿತು. 2022ರಲ್ಲಿ ಕಟೀಲಿನ ಮೇಳಗಳು ಕಾಲಮಿತಿಗೆ ಬಂದಾಗ ವಿಷಯ ಹೈಕೋರ್ಟಿನ ತನಕ ಹೋಯಿತು. ಮಲಗಬೇಕಾದವರ ಕಷ್ಟ ಸುಳ್ಳಲ್ಲ. ನನ್ನ ತಕರಾರು ಅದಲ್ಲ. ನಡುರಾತ್ರಿ ಎಷ್ಟು ಗಂಟೆಗೆ ಎಷ್ಟು ದನಿ, ಮೈಕಿಲ್ಲದೆ ಯಾವ ಗದ್ದೆಯಲ್ಲಿ ಆಡಬಹುದು, ಮಕ್ಕಳ ಪರೀಕ್ಷೆಯ ತಿಂಗಳಲ್ಲಿ ಏನು ಮಾಡಬೇಕು ಎಂದು ಊರವರನ್ನು ಕೂರಿಸಿಕೊಂಡು ಯೋಚಿಸಲಿಕ್ಕಲ್ಲವೇ ಸಲಹಾ ಸಮಿತಿ ಎಂಬುದು ಇರಬೇಕಾದ್ದು? ಆ ಹೊತ್ತಿನಲ್ಲಿ ಅವು ಎಲ್ಲಿದ್ದವು?

ಇನ್ನು ಗದ್ದೆ. ಉಳುವವರಿಲ್ಲದೆ ಹಡಿಲು (ಪಾಳು) ಬಿತ್ತು. ಹಡಿಲು ಬಿದ್ದದ್ದಕ್ಕೆ ಕೆಂಪುಮಣ್ಣು ತುಂಬಿಸಿ ಸೈಟು ಮಾಡಿದರು. ಸೈಟಿನ ನಕ್ಷೆಯಲ್ಲಿ ಮೂಲೆಗೊಂದು ಹಸಿರು ಚೌಕ, ‘ಪಾರ್ಕ್’ ಎಂದು ಬರೆದದ್ದು. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಆಡುತ್ತಿದ್ದ ಗದ್ದೆ ಮಾತ್ರ ಅದರ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ಅದು ಯಾರದೋ ಪಟ್ಟಾ ಜಮೀನು. ಬೇಲಿ ಇಲ್ಲದೆ ಬಿಟ್ಟುಕೊಟ್ಟದ್ದು ಅವರ ದೊಡ್ಡ ಮನಸ್ಸು ಅಷ್ಟೇ.

ಅಧ್ಯಾಯ ಆರು: ಕೊಲ್ಲೂರು

ಈ ಅಧ್ಯಾಯಕ್ಕೆ ಪರಿಭಾಷೆ ಒಗ್ಗುತ್ತಿಲ್ಲ, ಕ್ಷಮಿಸಬೇಕು.

ವರ ಕೇಳಲು ಬಾಯಿ ತೆರೆದ ಅಸುರನ ಮಾತನ್ನು ವಾಗ್ದೇವಿ ಕಸಿದಳು, ಅವನು ಮೂಕಾಸುರನಾದ ಎಂಬುದು ಇಲ್ಲಿನ ಸ್ಥಳಪುರಾಣ. ವಿಜಯದಶಮಿಯಂದು ಕೇರಳದಿಂದ, ತಮಿಳುನಾಡಿನಿಂದ ತಂದೆತಾಯಂದಿರು ಪುಟ್ಟ ಮಕ್ಕಳನ್ನು ಎತ್ತಿಕೊಂಡು ಬಂದು ಅಕ್ಷರಾಭ್ಯಾಸ ಮಾಡಿಸುತ್ತಾರೆ. ದೇವಸ್ಥಾನದ ಸರಸ್ವತಿ ಮಂಟಪದಲ್ಲಿ ಹಾಡುವುದು, ಕುಣಿಯುವುದು ದೊಡ್ಡ ಸೇವೆ. ಜನವರಿ 10ರ ತನ್ನ ಹುಟ್ಟುಹಬ್ಬಕ್ಕೆ ಯೇಸುದಾಸ್ ಬಂದು ಹಾಡುತ್ತಿದ್ದುದನ್ನು ಊರೆಲ್ಲ ಬಲ್ಲದು. ಅರಂಗೇಟ್ರಂ ಮಾಡಿದ ಹುಡುಗಿ ಗೆಜ್ಜೆ ಕಟ್ಟಿ ಮೊದಲು ನಿಲ್ಲಲು ಬಯಸುವ ಜಾಗ. ಅಲ್ಲಿ ಕಲೆಗೆ ಯಾರ ಸಲಹೆಯೂ ಬೇಕಾಗಿಲ್ಲ.

ಆದರೆ ಅಲ್ಲೇ ಹುಟ್ಟಿ, ಅಲ್ಲೇ ಶಾಲೆಗೆ ಹೋಗುವ ಮಗು? ಊರಿನ ಬೆನ್ನಿಗೆ 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ಅಭಯಾರಣ್ಯ, ಅದರಾಚೆ 1343 ಮೀಟರಿನ ಕೊಡಚಾದ್ರಿ. ಕಾಡು ಆಡುವ ಜಾಗವಲ್ಲ, ಆಗಬಾರದು ಕೂಡ. ಉಳಿದ ಸಮತಟ್ಟು ನೆಲವೆಂದರೆ ಬಂಗಾರ. ಅದರಲ್ಲಿ ಬಸ್ಸು, ಟಿ.ಟಿ., ಕೊಡಚಾದ್ರಿಗೆ ಹೋಗುವ ಜೀಪು. ‘ವಿನೋದ’ ಎಂಬ ಬಾಬಿನಡಿ ನಾವು ಯೋಚಿಸುವುದೆಲ್ಲ ಬಂದುಹೋಗುವವರಿಗಾಗಿ: ವ್ಯೂ ಪಾಯಿಂಟ್, ಸೆಲ್ಫಿ ಪಾಯಿಂಟ್, ಸ್ವಾಗತ ಕಮಾನು. ಸೌಪರ್ಣಿಕೆಯ ದಡಕ್ಕೂ ಸೌಂದರ್ಯೀಕರಣದ ಮಾತು ಬರುತ್ತದೆ. ಅದೇ ಹೊಳೆಗೆ ಕೊಳಚೆ ಸೇರುವ ಪ್ರಕರಣ ಹಸಿರು ನ್ಯಾಯಮಂಡಳಿಯ ಮುಂದೆ ನಿಂತಿತ್ತು. ಮಿಂದರೆ ಪಾಪ ಕಳೆಯುವ ನೀರಿನಲ್ಲಿ ಮಗುವನ್ನು ಇಳಿಸಲು ತಾಯಿ ಹಿಂದೆಮುಂದೆ ನೋಡುವಂತಾದ ಮೇಲೆ ದಡದಲ್ಲಿ ಬೆಂಚು ಹಾಕಿ ಯಾರಿಗೆ ಏನು ತೋರಿಸುತ್ತೀರಿ ಸ್ವಾಮಿ?

ಇಂಥದೇ ಊರೊಂದರ ಗ್ರಾಮಸಭೆಯಲ್ಲಿ, ಸಮಗ್ರ ಸುಸ್ಥಿರಗಳೆಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಎದ್ದು, ‘ಅದೆಲ್ಲ ಸೈ ಮಾರಾಯ್ರೆ, ಮಕ್ಕಳ್ ಆಡೂಕೆ ಎಲ್ಲಿಗ್ ಹೋಪ್ದ್?’ ಎಂದರು. ನಡಾವಳಿಯಲ್ಲಿ ಅದು ‘ಅಧ್ಯಕ್ಷರ ಅನುಮತಿಯೊಂದಿಗೆ ಬರಬಹುದಾದ ಇತರ ವಿಷಯಗಳು’ ಎಂಬಲ್ಲಿ ಕೂಡ ದಾಖಲಾಗಲಿಲ್ಲ. ಮೂಕಾಸುರ ವರ ಕೇಳದೆ ಹೋದದ್ದು ಮಾತು ಬಾರದ್ದಕ್ಕೆ. ಅಜ್ಜಿ ಕೇಳಿದರು, ಮೈಕಿನಲ್ಲೇ ಕೇಳಿದರು.

ಅಧ್ಯಾಯ ಏಳು: ಅವ್ಯಾಪ್ತಿ ದೋಷ

ಶಾಸ್ತ್ರಕಾರನಿಗೆ ಇಲ್ಲೊಂದು ಸಂಕಟ. ಬ್ರಹ್ಮಾವರ ತಾಲೂಕಿನ ಕೋಟತಟ್ಟು ಗ್ರಾಮ ಪಂಚಾಯತ್ ಶಿವರಾಮ ಕಾರಂತರ ಹೆಸರಿನಲ್ಲಿ ಥೀಮ್ ಪಾರ್ಕ್ ನಡೆಸುತ್ತದೆ; ಹುಟ್ಟೂರ ಪ್ರಶಸ್ತಿಯ ಹಿಂದೆಯೂ ಅದರ ಕೈಯಿದೆ. ಅದೂ ಗ್ರಾಮ ಪಂಚಾಯತ್ತೇ, ಅದಕ್ಕೂ ಹನ್ನೊಂದನೆಯ ಅನುಸೂಚಿಯೇ. ಹಾಗಾದರೆ ಮೂರನೆಯ ಅಧ್ಯಾಯದಲ್ಲಿ ನಾನು ಕಟ್ಟಿದ ಸಿದ್ಧಾಂತದ ಗತಿಯೇನು? ಬಾಬಿನಲ್ಲಿ ಇಲ್ಲದ್ದನ್ನು ಮಾಡಿದವರು ಮಾಡಿದರು. ಇದ್ದವರು ಬಾಬನ್ನು ಓದುತ್ತ ಕೂತರು. ಬಯಲಾಟದ ಬಗ್ಗೆ ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದವರು. ಮಕ್ಕಳು, ಆಟ, ಕಲೆ ಮೂರೂ ಒಂದೇ ಅಂಗಳದಲ್ಲಿ ಇರಬೇಕೆಂದು ಅವರಿಗೆ ಯಾವ ಯೋಜನಾ ವರದಿ (ಡಿ.ಪಿ.ಆರ್.) ಹೇಳಿತ್ತೋ.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಸೂತ್ರದ ಗೊಂಬೆಗಳಿಂದ ಯಕ್ಷಗಾನ ಆಡಿಸಿದ ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮನೆಯವರು ತಲೆಮಾರಿನಿಂದ ತಲೆಮಾರಿಗೆ ಆ ದಾರ ಕೈಬಿಡದೆ ಹಿಡಿದುಕೊಂಡು ಬಂದಿದ್ದಾರೆ. ಪ್ರಶಸ್ತಿ ದೂರದ ದೆಹಲಿಯಿಂದ ಬಂತು ಎಂಬುದನ್ನು ಮಾತ್ರ ಗಮನಿಸಿ.

ಸಲಹಾ ಸಮಿತಿ ಎಂಬುದೇ ತಪ್ಪೆಂದಲ್ಲ. ಅಮೆರಿಕದ ಸಣ್ಣ ಊರುಗಳಲ್ಲಿ ಪಾರ್ಕು, ಆಟ, ಕಲೆಗಳಿಗೆ ಸಲಹಾ ಮಂಡಳಿಗಳಿವೆ. ಊರವರೇ ಸಂಬಳವಿಲ್ಲದೆ ಕೂರುತ್ತಾರೆ, ಸಭೆಯ ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಎದ್ದು ಎರಡು ಮೂರು ನಿಮಿಷ ಮಾತಾಡಬಹುದು. ಅಲ್ಲೂ ಗೊಣಗಾಟ, ಕಾಲೆಳೆದಾಟ ಇಲ್ಲದಿಲ್ಲ. ನಮ್ಮಲ್ಲೂ ವಾರ್ಡ್ ಸಭೆ, ಗ್ರಾಮಸಭೆ ಎಂದು 1993ರ ಪಂಚಾಯತ್ ಕಾಯ್ದೆಯಲ್ಲೇ ಇವೆ. ಆದ್ದರಿಂದ ಹೊಸ ಸಮಿತಿ ಬೇಡ. ಇರುವ ಸಭೆಯನ್ನು ಸಭಾಭವನದಿಂದ ಎಬ್ಬಿಸಿ, ಊರಲ್ಲಿ ಇನ್ನೂ ಮಣ್ಣು ತುಂಬಿಸದೆ ಉಳಿದ ಗದ್ದೆಗೆ ತನ್ನಿ. ಶಾಲೆ ಬಿಟ್ಟ ಮೇಲೆ, ಸಂಜೆ ಐದಕ್ಕೆ. ಮಕ್ಕಳು ಆಡುತ್ತಿದ್ದರೆ ನಿಲ್ಲಿಸಬೇಡಿ, ಬದಿಗೆ ಕೂರಿ. ಒಂದೇ ಒಂದು ವಿಷಯ: ಈ ಗದ್ದೆಯ ಯಜಮಾನರಿಗೆ ವರ್ಷಕ್ಕೆ ಎಷ್ಟು ಕೊಟ್ಟರೆ ಇದನ್ನು ಹೀಗೇ ಬಿಟ್ಟಾರು. ಅಜ್ಜಿಯನ್ನು ಕರೆಯಲು ಮರೆಯಬೇಡಿ. ಮತ್ತೆ, ಕುರ್ಚಿ ಶಾಮಿಯಾನಕ್ಕೆ ಕೊಟೇಶನ್ ಕರೆಯಬೇಡಿ. ಕಂಟ (ಗದ್ದೆಯಂಚು) ಇದೆ, ಕೂರಲು ಅದು ಸಾಕು.