30 ಸೆಕೆಂಡಿನ ರಸಿಕ

"ಮಾವಾ, ನಿಮ್ಮ ಭಾವಗೀತೆ ಸ್ಪಾಟಿಫೈಗೆ ಬಂತಲ್ಲ, ಏನು ಸಿಕ್ತು?"

"ಅಭಿನಂದನೆ."

"ದುಡ್ಡು?"

"ವರ್ಷಕ್ಕೆ 1000 ಸಲ ಓಡದ ಹಾಡಿಗೆ ಕಾಸಿಲ್ಲ. 2024ರಿಂದ ಅದೇ ನಿಯಮ. ನನ್ನದು 900ಕ್ಕೆ ನಿಂತಿದೆ, ಅರ್ಧ ನಿಮ್ಮತ್ತೆಯ ಪುಣ್ಯ."

(ಮಾವ ಆಕಾಶವಾಣಿ ಕಲಾವಿದರು. ಅಲ್ಲಿ ಸಣ್ಣದಾದರೂ ಚೆಕ್ಕು ಬರುತ್ತಿತ್ತು.)

"ನಾನು ಚಂದಾ ಕಟ್ತೀನಲ್ಲ?"

"ಅದು ದೊಡ್ಡ ಹುಂಡಿಗೆ. ಹೆಚ್ಚು ಓಡಿದವರಿಗೆ ಹೆಚ್ಚು ಪಾಲು. ನೀನು ನನ್ನನ್ನೇ ಕೇಳಿದರೂ ದುಡ್ಡು ಅರಿಜಿತ್ ಸಿಂಗ್ ಕಡೆಗೇ."

"ಕೇಳಿದೆ ಮಾವ. ಆಲಾಪನೆ ಉದ್ದವಾಯ್ತು, 25 ಸೆಕೆಂಡಿಗೆ ಮುಂದೊತ್ತಿದೆ."

"ಅಯ್ಯೋ ಪಾಪಿ! 30 ಆಗದಿದ್ದರೆ ಲೆಕ್ಕಕ್ಕೇ ಇಲ್ಲ! ಅದಕ್ಕೇ ಈಗ ಪಲ್ಲವಿ ಮೊದಲು, ಆಲಾಪನೆ ಕೊನೆಗೆ."

"ಕೊನೆತನಕ ಯಾರು ಕೇಳ್ತಾರೆ?"

"ಯಾರೂ ಇಲ್ಲ. ನೆಮ್ಮದಿಯಾಗಿ ಹಾಡಬಹುದು."