ಹಾಗಿದ್ದಲ್ಲಿ ಸಾಹೇಬರು

ಶಾಸಕರಲ್ಲಿ ಹಲವು ಬಗೆ. ಮದುವೆ, ಮುಂಜಿ, ಗೃಹಪ್ರವೇಶ ಒಂದನ್ನೂ ಬಿಡದೆ ಹೋಗಿ ಗೆಲ್ಲುವವರಿದ್ದಾರೆ. ವರ್ಗಾವಣೆ ಪತ್ರಗಳಿಗೆ ಸಹಿ ಹಾಕುತ್ತಲೇ ಐದು ವರ್ಷ ಕಳೆಯುವವರಿದ್ದಾರೆ. ಮಂತ್ರಿ ಮಾಡಲಿಲ್ಲವೆಂಬ ಸಿಟ್ಟಿಗೆ ಮೌನವ್ರತ ಹಿಡಿದು ಕೂತವರೂ ಉಂಟು. ಇವರಿಂದ ಯಾವ ಗುಮಾಸ್ತನಿಗೂ ತೊಂದರೆಯಿಲ್ಲ. ನಮ್ಮ ಜೀವ ತಿನ್ನುವವರು ಪ್ರಶ್ನೆ ಕೇಳುವ ಶಾಸಕರು. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಇವರಿಗೆ ಹುರುಪು ಬರುತ್ತದೆ, ನಮ್ಮ ರಜೆ ರದ್ದಾಗುತ್ತದೆ.

ನಾನು ಯಾವ ಇಲಾಖೆಯ ಯಾವ ಶಾಖೆಯಲ್ಲಿದ್ದೆ ಎಂದು ಹೇಳಿ ಪಿಂಚಣಿಗೆ ಕುತ್ತು ತಂದುಕೊಳ್ಳುವುದಿಲ್ಲ. ಭೂಮಿ, ಕಾರ್ಖಾನೆ, ವ್ಯಾಪಾರ ಇವುಗಳ ಕಡತಗಳು ನನ್ನ ಮೇಜಿನ ಮೇಲಿದ್ದವು ಎಂದಷ್ಟು ತಿಳಿದರೆ ಸಾಕು. ಪ್ರಶ್ನೆ ಕೇಳುವವರಿಗೆ ಈ ವಿಷಯದ ಮೇಲೆ ವಿಶೇಷ ಮಮತೆ. ರಸ್ತೆ ಕೇಳಿದರೆ ಬರೀ ರಸ್ತೆ. ಕೈಗಾರಿಕೆ ಎಂದರೆ ಜಮೀನು, ಪರಿಹಾರ, ನೌಕರಿ, ಹೊಗೆ, ಚರಂಡಿ, ಮೈಸೂರು ಸ್ಯಾಂಡಲ್ ಸೋಪು ಎಲ್ಲವೂ ಒಂದೇ ಪ್ರಶ್ನೆಯ ಹೊಟ್ಟೆಯಲ್ಲಿ ಹಿಡಿಸುತ್ತವೆ. ಒಬ್ಬರು ಕನ್ನಡಿಗರ ಉದ್ಯೋಗದ ಕುರಿತ ಸರೋಜಿನಿ ಮಹಿಷಿ ವರದಿ ಎಲ್ಲಿಗೆ ಬಂತು ಅನ್ನುತ್ತಾರೆ. ಇನ್ನೊಬ್ಬರು 2002ರ ನಂಜುಂಡಪ್ಪ ವರದಿ ಹಿಡಿದು, ಅದರಲ್ಲಿ ಹಿಂದುಳಿದವು ಎಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಎಷ್ಟಕ್ಕೆ ಕಾರ್ಖಾನೆ ಬಂತು ಅನ್ನುತ್ತಾರೆ. ಭದ್ರಾವತಿ ಕಡೆಯವರಿಗೆ ಮುಚ್ಚಿದ ಕಾಗದದ ಕಾರ್ಖಾನೆಯ ಚಿಂತೆ, ಪೀಣ್ಯ ಕಡೆಯವರಿಗೆ ಮಳೆನೀರಿನದು. ಪ್ರಶ್ನೆ ಹಾಕಿ, ಸರದಿ ಬಂದ ದಿನ ಸದನದ ಕಡೆ ತಲೆ ಹಾಕದವರನ್ನೂ ಕಂಡಿದ್ದೇನೆ. ಯಾಕೆಂದು ನನ್ನನ್ನು ಕೇಳಬೇಡಿ. 2005ರಲ್ಲಿ ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡರೆಂದು ಸಂಸತ್ತು 11 ಜನ ಸದಸ್ಯರನ್ನು ಮನೆಗೆ ಕಳಿಸಿತು. ಪ್ರಶ್ನೆ ಕೇಳದಿರಲು ತೆಗೆದುಕೊಂಡರೆ ಅದನ್ನು ಹಿಡಿಯುವ ಕ್ಯಾಮೆರಾ ಇನ್ನೂ ಬಂದಂತಿಲ್ಲ.

ಇವರೆಲ್ಲ ಬಂದು ಹೋಗುವ ಮಳೆ. ನನಗೆ ಗಂಟುಬಿದ್ದವರು ಒಬ್ಬರೇ. ಉತ್ತರ ಕರ್ನಾಟಕದವರು, ಹೆಸರು, ಕ್ಷೇತ್ರ ಬೇಡ. ನಮ್ಮ ಶಾಖೆಯಲ್ಲಿ ಅವರ ಹೆಸರು 'ಹಾಗಿದ್ದಲ್ಲಿ ಸಾಹೇಬರು'. ಸದನದ ಪ್ರಶ್ನೆಗೆ ಒಂದು ನಮೂನೆಯಿದೆ. (ಅ) ಇಂಥ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ. (ಆ) ಹಾಗಿದ್ದಲ್ಲಿ, ಕೈಗೊಂಡ ಕ್ರಮಗಳೇನು. (ಇ) ಇಲ್ಲದಿದ್ದಲ್ಲಿ, ಕಾರಣವೇನು. ಕೊನೆಗೆ ಆವರಣದಲ್ಲಿ 'ಪೂರ್ಣ ವಿವರ ನೀಡುವುದು'. ಉಳಿದವರು ಒಂದೋ ಎರಡೋ ಕಡೆ 'ಹಾಗಿದ್ದಲ್ಲಿ' ಹಾಕಿ ಸುಮ್ಮನಾಗುತ್ತಿದ್ದರು. ಇವರದು (ಅ)ದಿಂದ ಶುರುವಾಗಿ (ಊ)ವರೆಗೆ ಹೋಗುತ್ತಿತ್ತು, ಪ್ರತಿ ಮೆಟ್ಟಿಲಿಗೂ ಒಂದು 'ಹಾಗಿದ್ದಲ್ಲಿ'.

ಬಿಳಿ ಜುಬ್ಬಾ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು, ಕಂಕುಳಲ್ಲಿ ಪತ್ರಿಕೆಗಳ ತುಣುಕು ತುಂಬಿದ ರಟ್ಟಿನ ಫೈಲು. ಬೆಳಿಗ್ಗೆ ಆರಕ್ಕೇ ಫೋನು ಮಾಡುವ ಅಭ್ಯಾಸ. 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ' ಎಂದು ಬರೆದರೆ ಹಕ್ಕುಚ್ಯುತಿ ಅನ್ನುತ್ತಿದ್ದರು. ಸಂಗ್ರಹಿಸಿ ಕೊಟ್ಟರೆ ಕೂಡಿಸಿ ನೋಡಿ, "ನಲವತ್ತೆರಡನೇ ಪುಟದಾಗ ಮೊತ್ತ ತಾಳೆ ಆಗಂಗಿಲ್ಲ" ಅನ್ನುತ್ತಿದ್ದರು. ಸರ್ಕಾರಿ ಉತ್ತರದ ಅನುಬಂಧವನ್ನು ಕೂಡಿಸಿ ನೋಡುವ ಮನುಷ್ಯ ಭೂಮಿಯ ಮೇಲಿದ್ದಾನೆ ಎಂದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ಅವರ ಮೇಲಿನ ನನ್ನ ಸಿಟ್ಟಿಗೆಲ್ಲ ಮೂಲ ಬೆಳಗಾವಿಯ ಒಂದು ಚಳಿಗಾಲದ ಅಧಿವೇಶನ. ಸುವರ್ಣ ವಿಧಾನಸೌಧದಲ್ಲಿ ಡಿಸೆಂಬರಿನ ಅಧಿವೇಶನವೆಂದರೆ ಟ್ರಂಕುಗಳಲ್ಲಿ ಕಡತ ತುಂಬಿಕೊಂಡು ಇಡೀ ಸಚಿವಾಲಯವೇ ಬೆಂಗಳೂರಿನಿಂದ ಹೊರಡಬೇಕು. ಲಾಡ್ಜುಗಳಲ್ಲಿ ಒಂದು ಕೋಣೆಗೆ ನಾಲ್ವರು. ಬಿಸಿನೀರು ಮೊದಲು ಎದ್ದವನಿಗೆ. ಹೊರಡುವ ಹೊತ್ತಿಗೆ ಸಾಹೇಬರ ಪ್ರಶ್ನೆ ಚುಕ್ಕೆ ಗುರುತು ಹೊತ್ತು ಬಂತು, ಅಂದರೆ ಮಂತ್ರಿಗಳು ಸದನದಲ್ಲೇ ಎದ್ದು ಉತ್ತರಿಸಬೇಕು. ಕಳೆದ ಹತ್ತು ವರ್ಷಗಳಲ್ಲಿ ರಾಜ್ಯದ ಎಲ್ಲ ಕೈಗಾರಿಕಾ ಪ್ರದೇಶಗಳಲ್ಲಿ ಹಂಚಿಕೆಯಾದ ನಿವೇಶನಗಳೆಷ್ಟು. ಹಾಗಿದ್ದಲ್ಲಿ, ಉತ್ಪಾದನೆ ಆರಂಭಿಸಿದ ಘಟಕಗಳಾವುವು. ಹಾಗಿದ್ದಲ್ಲಿ, ಆರಂಭಿಸದವುಗಳ ಮೇಲೆ ಕೈಗೊಂಡ ಕ್ರಮವೇನು. ಹಾಗಿದ್ದಲ್ಲಿ, ಸ್ಥಳೀಯರಿಗೆ ದೊರೆತ ಉದ್ಯೋಗವೆಷ್ಟು? (ತಾಲ್ಲೂಕುವಾರು, ಘಟಕವಾರು ಪೂರ್ಣ ವಿವರ ನೀಡುವುದು.)

ಒಂದು ಪ್ರಶ್ನೆ ಉತ್ತರವಾಗುವ ದಾರಿ ಓದುಗರಿಗೆ ಗೊತ್ತಿರಲಾರದು. ವಿಷಯ ನಿರ್ವಾಹಕ ಎಲ್ಲ ಜಿಲ್ಲೆಗಳಿಗೆ 'ಅತಿ ಜರೂರು' ಎಂದು ಬರೆಯಬೇಕು. ಜಿಲ್ಲೆಯವರು ಸ್ಥಳಕ್ಕೆ ಹೋಗಿ ನೋಡಿ ಬರೆಯಬೇಕು. ಹೋಗಲು ಜೀಪಿರುವುದಿಲ್ಲ, ಜೀಪಿದ್ದರೆ ಚಾಲಕನಿರುವುದಿಲ್ಲ, ಹೋದ ಸಲದ ಪಟ್ಟಿ ಮಾತ್ರ ಎಲ್ಲ ಕಾಲಕ್ಕೂ ಇರುತ್ತದೆ. ಅದೇ ತಾರೀಖು ಬದಲಾಗಿ ಬರುತ್ತದೆ. ಒಂದು ಜಿಲ್ಲೆಯದು ನುಡಿ ಫಾಂಟಿನಲ್ಲಿ, ಇನ್ನೊಂದರದು ಯೂನಿಕೋಡಿನಲ್ಲಿ, ಮತ್ತೊಂದರದು ಕೈಬರಹದ ಹಾಳೆಯ ಫೋಟೋ. ಇವನ್ನೆಲ್ಲ ಒಂದೇ ಪಟ್ಟಿಗೆ ಇಳಿಸುವಾಗ 'ಸಿದ್ಧ ಉಡುಪು' ಎಂಬುದು ಚೌಕ, ತ್ರಿಶೂಲ, ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆಯಾಗಿ ಕಾಣುತ್ತದೆ. ಆಮೇಲೆ ಅದು ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಪ್ರಧಾನ ಕಾರ್ಯದರ್ಶಿಗಳ ಸಹಿ ಹೊತ್ತು ಮಂತ್ರಿಗಳ ಮೇಜು ಸೇರಬೇಕು. ಜೊತೆಗೆ, ಸದಸ್ಯರು ಏನೇನು ಉಪಪ್ರಶ್ನೆ ಕೇಳಬಹುದು ಎಂದು ನಾವೇ ಊಹಿಸಿ, ಅದಕ್ಕೂ ಉತ್ತರ ಬರೆದು ಕೊಡಬೇಕು. ನನ್ನ ಜೀವಮಾನದ ಕಾದಂಬರಿಯೆಲ್ಲ ಆ ಟಿಪ್ಪಣಿಗಳಲ್ಲೇ ಖರ್ಚಾಯಿತು.

ಆ ಸಲ ನಾವು ರಾತ್ರಿಯೆಲ್ಲ ಕೂತೆವು. ಅನುಬಂಧ ದಿಂಬಿನಷ್ಟು ದಪ್ಪವಾಯಿತು. ಬೆಳಗಿನ ಜಾವ ಅದರ ಮೇಲೇ ತಲೆಯಿಟ್ಟೆ. ಉಪಪ್ರಶ್ನೆ ಎಲ್ಲಿಂದ ಬಂದರೂ ತಯಾರಿದ್ದೆವು. ಭೂಮಿಯ ದರ ಕೇಳಲಿ, ಲೀಸ್ ಕಂ ಸೇಲ್ ಕರಾರು ಕೇಳಲಿ, 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಕಲಮಿನ ಯಾವ ಉಪಕಲಮನ್ನೇ ಕೇಳಲಿ, ಚೀಟಿ ಸಿದ್ಧ. ನಮ್ಮ ಅಧಿಕಾರಿ ಗ್ಯಾಲರಿಯಲ್ಲಿ, ನಾನು ಅವರ ಬೆನ್ನಿಗೆ.

ಸಾಹೇಬರು ಎದ್ದರು. ಅನುಬಂಧವನ್ನು ಎರಡೂ ಕೈಯಲ್ಲಿ ಎತ್ತಿ ಸದನಕ್ಕೆ ತೋರಿಸಿದರು.

"ಅಧ್ಯಕ್ಷರ, ಉತ್ತರ ಬಾಳ ದಪ್ಪ ಕೊಟ್ಟಾರ, ಸಂತೋಷ. ನಾ ಒಂದ ಸಾಲಿಂದ ಅಷ್ಟ ಕೇಳ್ತೇನಿ. ನಮ್ಮ ತಾಲ್ಲೂಕಿನ ಒಂದ ನಿವೇಶನದಾಗ ಸಿದ್ಧ ಉಡುಪಿನ ಘಟಕ 'ಉತ್ಪಾದನೆಯಲ್ಲಿದೆ' ಅಂತ ಬರದಾರ. ಹೋದ ತಿಂಗಳ ನಾ ಅಲ್ಲೆ ಮದಿವಿಗೆ ಹೋಗಿದ್ನ್ರಿ."

ಸದನದಲ್ಲಿ ಸದ್ದಡಗಿತು. ಅವರು ಕಿಸೆಯಿಂದ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತೆಗೆದು, ಕನ್ನಡಕ ಏರಿಸಿ, 'ವಿವಾಹ ಸ್ಥಳ' ಎಂಬಲ್ಲಿಂದ ಓದಿದರು. ಕಲ್ಯಾಣ ಮಂಟಪದ ಹೆಸರು, ಕೈಗಾರಿಕಾ ಪ್ರದೇಶದ ಹೆಸರು, ನಿವೇಶನದ ಸಂಖ್ಯೆ ಎಲ್ಲ ಇತ್ತು. 'ವಾಹನ ನಿಲುಗಡೆಗೆ ವಿಶಾಲ ಸ್ಥಳವಿದೆ' ಎಂಬುದನ್ನೂ ಬಿಡಲಿಲ್ಲ.

"ಗೋಧಿ ಹುಗ್ಗಿ ಛಲೋ ಇತ್ರಿ, ಇಲ್ಲ ಅನ್ನಂಗಿಲ್ಲ. ಆದರ ಹೊಲಿಗಿ ಮಷೀನ ಒಂದೂ ಕಾಣಲಿಲ್ಲ. ಅಲ್ಲಿ ಉತ್ಪಾದನಾ ಏನ ಆಗತೈತಿ, ಮಂತ್ರಿಗಳು ಹೇಳಲಿ."

ಹಿಂದಿನ ಸಾಲಿನಿಂದ ಯಾರೋ, "ಒಂಬತ್ತ ತಿಂಗಳ ತಡೀರಿ, ಉತ್ಪಾದನಾ ಆಗತೈತಿ!" ಅಂದರು. ಆಡಳಿತ ಪಕ್ಷ, ವಿರೋಧ ಪಕ್ಷ ಒಂದಾಗಿ ನಕ್ಕವು. ಅದನ್ನು ಕಡತಕ್ಕೆ ಸೇರಿಸಬೇಡಿ ಎಂದು ಹೇಳುವಾಗ ಸಭಾಧ್ಯಕ್ಷರಿಗೂ ನಗು ತಡೆಯಲಾಗಲಿಲ್ಲ. ಮಂತ್ರಿಗಳು ನಮ್ಮ ಗ್ಯಾಲರಿಯ ಕಡೆ ತಿರುಗಿದರು. ಆ ನೋಟವನ್ನು ವರ್ಣಿಸಲಾರೆ. ನಮ್ಮ ಅಧಿಕಾರಿ ನನ್ನ ಕಡೆ ತಿರುಗಿದರು. ನನ್ನ ಹಿಂದೆ ಗೋಡೆಯಿತ್ತು. ಸಿದ್ಧವಿದ್ದ ಚೀಟಿಗಳಲ್ಲಿ ಮದುವೆ ಊಟದ ಬಗ್ಗೆ ಏನೂ ಇರಲಿಲ್ಲ. ಹೊಸ ಚೀಟಿಯಲ್ಲಿ 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದೆ. ನನ್ನ ಸಹಿಗಿಂತ ಆ ಮೂರು ಪದಗಳನ್ನು ನಾನು ಮುದ್ದಾಗಿ ಬರೆಯುತ್ತೇನೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಾಹೇಬರೇ ಹುಡುಕಿಕೊಂಡು ಬಂದರು. ಕೈಯಲ್ಲಿ ಕುಂದಾದ ಡಬ್ಬಿ. "ಏನಪಾ, ರಾತ್ರಿ ನಿದ್ದಿ ಮಾಡಿಲ್ಲೇನು? ತಿನ್ನು." ನನಗೆ ಸಿಟ್ಟು ತಡೆಯಲಿಲ್ಲ. "ಸಾರ್, ಆ ಒಂದು ನಿವೇಶನದ ಬಗ್ಗೆಯೇ ನೇರವಾಗಿ ಕೇಳಬಹುದಿತ್ತಲ್ಲ? ಇಡೀ ರಾಜ್ಯದ್ದು ಯಾಕೆ ಬರೆಸಿದಿರಿ?"

"ಕೇಳಿದ್ನಲ್ಲ! ಎರಡ ವರ್ಷದ ಹಿಂದ ಅದನ್ನ ಕೇಳಿದ್ದೆ. ಏನ್ ಬರದಿದ್ರಿ ನೀವು? (ಅ) ಗಮನಕ್ಕೆ ಬಂದಿಲ್ಲ. (ಆ) ಉದ್ಭವಿಸುವುದಿಲ್ಲ. ಒಂದ ಕೇಳಿದರ ನೀವು ಹುಷಾರ್ ಆಗ್ತೀರಿ. ಸಾವಿರ ಕೇಳಿದರ ಇದ್ದದ್ದ ಬರದ ಕಳಸ್ತೀರಿ, ಅದರಾಗ ನಂದೂ ಸಿಗತೈತಿ."

ಕುಂದಾ ಗಂಟಲಲ್ಲಿ ಸಿಕ್ಕಿತು. ಅಷ್ಟು ವರ್ಷದ ನಮ್ಮ ಕಸುಬಿನ ಗುಟ್ಟನ್ನು ಅವರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು. ಮಾರನೆಯ ಬೆಳಿಗ್ಗೆ ಆರಕ್ಕೆ ಮತ್ತೆ ಫೋನು: "ಪರಿಶೀಲನಾ ಎಲ್ಲಿಗೆ ಬಂತಪಾ?" ಹಿಂದಿನ ದಿನದ ಗೌರವವೆಲ್ಲ ಅಲ್ಲಿಗೇ ಇಳಿಯಿತು.

ಅವರ ಪ್ರಶ್ನೆಗಳಿಂದ ನಾಡು ಉದ್ಧಾರವಾಯಿತೆಂದು ನಾನು ಹೇಳಲಾರೆ. 2010ರ ಬಂಡವಾಳ ಹೂಡಿಕೆದಾರರ ಸಮಾವೇಶದ ಹೊತ್ತಿನಲ್ಲಿ ಬಳ್ಳಾರಿಯ ಕುಡತಿನಿ ಸುತ್ತ ಉಕ್ಕಿನ ಕಾರ್ಖಾನೆಗಳೆಂದು ಸಾವಿರಾರು ಎಕರೆ ಹೋಯಿತು. ಆರ್ಸೆಲರ್ ಮಿತ್ತಲ್ ಬರುತ್ತದೆ, ಮನೆಗೊಂದು ನೌಕರಿ ಬರುತ್ತದೆ ಎಂದು ಕಾದವರು ಕೊನೆಗೆ ಧರಣಿ ಕೂರಬೇಕಾಯಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟದ್ದು, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಬೀದಿಯಲ್ಲಿ ಕೂತದ್ದಕ್ಕೆ. ಯಾರ ಚುಕ್ಕೆ ಗುರುತಿನ ಪ್ರಶ್ನೆಗೂ ಅಲ್ಲ. ಆದರೂ ಧರಣಿ ಕೂತವರ ಕೈಯಲ್ಲಿ ಒಂದು ಕಾಗದ ಬೇಕಾಗುತ್ತದೆ. ಸದನದಲ್ಲಿ ಮಂಡಿಸಿದ, ಮಂತ್ರಿಗಳ ಸಹಿಯಿರುವ, ಎಷ್ಟು ಎಕರೆ, ಎಷ್ಟು ಜನಕ್ಕೆ ಕೆಲಸ ಎಂದು ಬರೆದ ಕಾಗದ. ಅದನ್ನು ನಮ್ಮಂಥವರಿಂದ ಬರೆಸಿಕೊಳ್ಳಲು ಇಂಥ ಕಾಟದ ಮನುಷ್ಯ ಬೇಕು.

ಸಾಹೇಬರು ಮುಂದಿನ ಚುನಾವಣೆಯಲ್ಲಿ ಸೋತರು. "ಬರೇ ಮಾತಾಡ್ತಾರ, ಒಂದ ವರ್ಗಾವಣಿ ಮಾಡಿಸಿಕೊಡಂಗಿಲ್ಲ" ಎಂಬುದು ಕ್ಷೇತ್ರದವರ ದೂರಂತೆ. ನಮ್ಮ ಶಾಖೆಯಲ್ಲಿ ಆ ದಿನ ಒಬ್ಬ ಜಾಮೂನು ಹಂಚಿದ. ನಾನೂ ತಿಂದೆ. ಮುಂದಿನ ಅಧಿವೇಶನಕ್ಕೆ ನಾವು ಕಳಿಸಿದ ಅನುಬಂಧಗಳನ್ನು ಯಾರೂ ಕೂಡಿಸಿ ನೋಡಲಿಲ್ಲ. ಮೊತ್ತ ತಾಳೆಯಾಗದಿದ್ದರೂ ನಡೆಯುತ್ತದೆ ಎಂದು ತಿಳಿದ ಮೇಲೆ, ಹುಡುಗರು ತಾಳೆ ಮಾಡುವುದನ್ನೇ ಬಿಟ್ಟರು.

ಈಗ ಮನೆಯಲ್ಲಿ ಕೂತು ಟಿವಿಯಲ್ಲಿ ಕಲಾಪ ನೋಡುತ್ತೇನೆ. 2022ರ ಹೂಡಿಕೆದಾರರ ಸಮಾವೇಶದಲ್ಲಿ ಸುಮಾರು 9.8 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತು. 2025ರದರಲ್ಲಿ 10.27 ಲಕ್ಷ ಕೋಟಿ ಬಂತು. ಇಷ್ಟು ದೊಡ್ಡ ಅಂಕಿಗಳು ನಮ್ಮ ಸಾಹೇಬರ ಕೈಗೆ ಸಿಕ್ಕಿದ್ದರೆ (ಅ)ದಿಂದ (ಳ)ವರೆಗೆ ಹೋಗುತ್ತಿದ್ದರೇನೋ. ಎಷ್ಟೋ ದಿನ ಪ್ರಶ್ನೋತ್ತರದ ಹೊತ್ತಿಗೇ ಸದಸ್ಯರು ಸದನದ ಬಾವಿಗಿಳಿದಿರುತ್ತಾರೆ. ಗದ್ದಲದಲ್ಲಿ ಉತ್ತರಗಳನ್ನು ಮಂಡಿಸಿದ್ದಾಯಿತು ಎನ್ನುತ್ತಾರೆ. ಅಲ್ಲೆಲ್ಲೋ ಒಬ್ಬ ವಿಷಯ ನಿರ್ವಾಹಕ ನಿಟ್ಟುಸಿರು ಬಿಡುತ್ತಿರುತ್ತಾನೆ ಎಂದು ನನಗೆ ಗೊತ್ತು.

ಹಾಗೆ ಮಂಡಿಸಿದ ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ನಮ್ಮಂಥವರು ಬರೆದ ಉತ್ತರ ಓದಿ ಕಾಲ ಕಳೆಯಬೇಡಿ. ನೇರ ಅನುಬಂಧಕ್ಕೆ ಹೋಗಿ, ನಿಮ್ಮ ತಾಲ್ಲೂಕಿನ ಹೆಸರಿರುವ ಸಾಲು ಹುಡುಕಿ, ನಿವೇಶನದ ಸಂಖ್ಯೆ ಬರೆದುಕೊಳ್ಳಿ. ಸಂಜೆ ವಾಕಿಂಗಿಗೆ ಆ ಕಡೆಗೇ ಹೋಗಿ ಬನ್ನಿ. ಅಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಶಾಸಕರಿಗೆ ಕೊಡಿ.